ಕಲ್ಯಾಣಿಯ ಕಣ್ಣಿನ ಎತ್ತರ

ಮೊನ್ನೆ ಭಾನುವಾರ ಅಟ್ಟದ ಮೇಲಿದ್ದ ಹಳೆಯ ಕ್ಯಾನ್ವಾಸ್ ಚೀಲವನ್ನು ಒಗೆಯಲು ಹಾಕಿದೆ. ಬಿಸಾಡಲು ಮನಸ್ಸು ಬಾರದ, ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಲು ನಾಚಿಕೆಯಾಗುವ ಇಂಥ ಚೀಲ ನಿಮ್ಮ ಮನೆಯಲ್ಲೂ ಒಂದಾದರೂ ಇರಬಹುದು. ನೀರು ಚೆಲ್ಲಿ ನೋಡಿದರೆ ಬಕೆಟ್ಟಿನ ತಳದಲ್ಲಿ ಚಿಟಿಕೆಯಷ್ಟು ಮರಳು ನಿಂತಿತ್ತು. ಕಪ್ಪು ಮರಳು, ಬಿಸಿಲಿಗೆ ಹಿಡಿದರೆ ನಡುವೆ ಕೆಂಪು ಹರಳು ಮಿನುಗುತ್ತದೆ. ದಾವಣಗೆರೆಯಲ್ಲಿ ಇಂಥ ಮರಳು ಎಲ್ಲಿಂದ ಬರಬೇಕು? ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಗಿಳಿಯನ್ನು ಕಿತ್ತು ತಂದು ಹಿಡಿದೆ. ಕಪ್ಪು ಕಣಗಳೆಲ್ಲ ಗಿಳಿಯ ಹೊಟ್ಟೆಗೆ ಅಂಟಿಕೊಂಡವು. ಸಂಶಯವೇ ಉಳಿಯಲಿಲ್ಲ, ಅದು ವಿಶಾಖಪಟ್ಟಣದ ಕಡಲ ಮರಳು. ನಮ್ಮ ಮನೆಯವರು ಬಂದು ನೋಡಿ, "ಗಿಳಿಗೆ ಏನ್ ತಿನ್ಸಾಕತ್ತಿ?" ಎಂದು ಕೇಳಿದರು. ಏನೂ ಇಲ್ಲ ಅಂದೆ.

ನಾನು ಭೂಗೋಳ ಓದಲು ವಿಶಾಖಪಟ್ಟಣದವರೆಗೆ ಹೋದದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಹತ್ತಿರದ ಊರುಗಳಲ್ಲಿ ಸೀಟು ಸಿಗಲಿಲ್ಲ. ಅಕ್ಕ ಭಾವ ಅಲ್ಲಿದ್ದರು. ಅಕ್ಕ ಇರುವ ಊರಾದರೆ ಪರವಾಗಿಲ್ಲ ಎಂದು ಅಪ್ಪ ಒಪ್ಪಿದರು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಅಕ್ಕನ ಮನೆಯಿಂದ ವಿಶ್ವವಿದ್ಯಾಲಯ ದೂರ ಎಂದು ಒಂದೇ ತಿಂಗಳಲ್ಲಿ ಹಾಸ್ಟೆಲಿಗೆ ಸೇರಿಕೊಂಡೆ. ಆಗ ನಾನು ಈಗಿನಷ್ಟೇ ಉದ್ದ, ಈಗಿನ ಅರ್ಧದಷ್ಟು ದಪ್ಪ. ಹಾಸ್ಟೆಲಿನಲ್ಲಿ ಬಲ್ಬು ಹೋದರೆ ಸ್ಟೂಲು ಹುಡುಕುವ ಬದಲು ನನ್ನನ್ನು ಹುಡುಕುತ್ತಿದ್ದರು.

ಅಲ್ಲಿ ಸಿಕ್ಕವಳು ಕಲ್ಯಾಣಿ. ಹೊಸಪೇಟೆಯಲ್ಲಿ ಹುಟ್ಟಿ ವಿಜಯವಾಡದಲ್ಲಿ ಬೆಳೆದವಳು. ಹುಟ್ಟುವಾಗಲೇ ತಾಯಿ ತೀರಿಕೊಂಡದ್ದರಿಂದ ವಿಜಯವಾಡಕ್ಕೆ ಮದುವೆಯಾಗಿ ಹೋಗಿದ್ದ ಸೋದರತ್ತೆಯೇ ಅವಳನ್ನು ಸಾಕಿದ್ದರು. ನನ್ನ ಭುಜದವರೆಗೂ ಬರುತ್ತಿರಲಿಲ್ಲ. ಒಂದು ದಿನ ಮೆಸ್ಸಿನಲ್ಲಿ ನಾನು ಪಪ್ಪು ಎಂಬ ಗಟ್ಟಿ ಬೇಳೆಯನ್ನು ನೋಡಿ, "ಇವತ್ತೂ ಇದೇನಾ" ಎಂದು ಗೊಣಗಿದ್ದು ಕೇಳಿ, ತಟ್ಟೆ ಎತ್ತಿಕೊಂಡು ಬಂದು ಪಕ್ಕದಲ್ಲೇ ಕೂತಳು. "ಕನ್ನಡದಾಗ ಗೊಣಗೋರು ಸಿಕ್ಕು ಎಷ್ಟು ದಿನ ಆಗಿತ್ತು ಗೊತ್ತಾ?" ಎಂದಳು. ಅಂದಿನಿಂದ ಕ್ಯಾಂಪಸ್ಸಿನಲ್ಲಿ ನಾವಿಬ್ಬರೂ ಜೊತೆಗೇ ನಡೆಯುತ್ತಿದ್ದೆವು. ನೋಡುವವರಿಗೆ ಮೋಜು.

ನಮ್ಮ ವಿಭಾಗದಲ್ಲಿ ಪ್ರತಿ ತಿಂಗಳೂ ಏನಾದರೊಂದು ನಡೆಯುತ್ತಿತ್ತು. ಮೊದಲ ಶನಿವಾರ ಸೆಮಿನಾರು; ಒಬ್ಬರು ಓದಬೇಕು, ಉಳಿದವರು ಪ್ರಶ್ನೆ ಕೇಳಬೇಕು, ಆಮೇಲೆ ಎಲ್ಲರಿಗೂ ಚಹಾ ಮತ್ತು ಪುನುಗುಲು. ದೋಸೆ ಹಿಟ್ಟನ್ನು ಎಣ್ಣೆಯಲ್ಲಿ ಬಿಟ್ಟು ಕರಿದ ಆ ಉಂಡೆಗಳು ತಣ್ಣಗಾಗುತ್ತವೆಂದು ಯಾರೂ ಹೆಚ್ಚು ಪ್ರಶ್ನೆ ಕೇಳುತ್ತಿರಲಿಲ್ಲ. ಇನ್ನೊಂದು ಶನಿವಾರ ಹವಾಮಾನ ನಕ್ಷೆ ಬಿಡಿಸಿ, ನಾಳೆ ಮಳೆ ಬರುತ್ತದೋ ಇಲ್ಲವೋ ಹೇಳಬೇಕು. ಮಳೆ ಬರುವುದಿಲ್ಲ ಎಂದು ನಾನು ಹೇಳಿದ ದಿನ ಹುಡುಗಿಯರು ಕೊಡೆ ತೆಗೆದುಕೊಂಡು ಹೊರಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಹುಣ್ಣಿಮೆಯ ಕಡಲು. ಹುಣ್ಣಿಮೆ ಎಂದೊಡನೆ ಬೆಳದಿಂಗಳು ನೆನೆಯಬೇಡಿ. ಅವತ್ತು ಮಧ್ಯಾಹ್ನ ಊಟವಾದ ಮೇಲೆ ನೀರು ಚೆನ್ನಾಗಿ ಹಿಂದೆ ಸರಿದಿರುತ್ತದೆ. ತಲೆ ಸುಡುವ ಆ ಹೊತ್ತಿನಲ್ಲಿ ಋಷಿಕೊಂಡದ ಬಸ್ಸು ಹತ್ತಿ ಹೋಗಿ ದಂಡೆಯನ್ನು ಅಳೆಯುವುದು ನಮ್ಮ ಹುಣ್ಣಿಮೆ.

ಅಳೆಯುವ ರೀತಿಯನ್ನು ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಥೆಯೆಲ್ಲ ಅದರಲ್ಲೇ ಇದೆ. ಗೇಣುದ್ದದ ಒಂದು ಹಿತ್ತಾಳೆ ಕೊಳವೆ, ಅದರೊಳಗೆ ನೀರಿನ ಗುಳ್ಳೆ. ಕೊಳವೆಯನ್ನು ಕಣ್ಣಿಗೆ ಹಿಡಿದು ಗುಳ್ಳೆ ನಡುವೆ ನಿಂತರೆ ನೋಟ ಮಟ್ಟವಾಗಿದೆ ಎಂದು ಅರ್ಥ. ಒಂದಷ್ಟು ದೂರದಲ್ಲಿ, ನೀರಿನ ಕಡೆಗೆ, ಇನ್ನೊಬ್ಬರು ಕೆಂಪು ಬಿಳಿ ಪಟ್ಟೆಯ ಅಳತೆಕೋಲನ್ನು ನೆಟ್ಟಗೆ ಹಿಡಿದು ನಿಲ್ಲಬೇಕು. ಕೊಳವೆಯಲ್ಲಿ ಕೋಲಿನ ಯಾವ ಗೆರೆ ಕಾಣುತ್ತದೋ ಅದರಿಂದ ನೋಡುವವರ ಕಣ್ಣಿನ ಎತ್ತರವನ್ನು ಕಳೆದರೆ, ಅಲ್ಲಿಗೆ ಮರಳು ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ. ಆಮೇಲೆ ಕೋಲು ನಿಂತಿದ್ದ ಜಾಗಕ್ಕೆ ನೋಡುವವರು ಹೋಗುವುದು, ಕೋಲಿನವರು ಇನ್ನೂ ಮುಂದಕ್ಕೆ. ಹೀಗೆ ರಸ್ತೆಯ ಬದಿಯ ಕಲ್ಲಿನಿಂದ ಅಲೆಯವರೆಗೆ. ಕಡಲು ಮಳೆಗಾಲದಲ್ಲಿ ದಂಡೆಯ ಮರಳನ್ನು ಎಳೆದುಕೊಂಡು ಹೋಗುತ್ತದೆ, ಬೇಸಗೆಯ ಹೊತ್ತಿಗೆ ತಂದು ಹಾಕುತ್ತದೆ. ಒಂದು ವರ್ಷದ ಈ ಕೊಡುಕೊಳ್ಳುವಿಕೆಯನ್ನು ಗೆರೆಯಲ್ಲಿ ಬಿಡಿಸುವುದೇ ಕಲ್ಯಾಣಿಯ ಪ್ರಬಂಧದ ವಿಷಯ. ಕೋಲು ಹಿಡಿಯುವುದು ನನ್ನ ಕೆಲಸ. ಇಬ್ಬರೂ ಉದ್ದ ಎಂದು ಪ್ರಬಂಧ ಮಾಡಿಸುತ್ತಿದ್ದ ನಮ್ಮ ಮೂರ್ತಿ ಸರ್ ನಗುತ್ತಿದ್ದರು, ನನ್ನನ್ನೂ ಕೋಲನ್ನೂ ಸೇರಿಸಿ.

ಅಳತೆ ಮುಗಿದ ಮೇಲೆ ದಂಡೆಯಲ್ಲಿ ಮುರಿ ಮಿಕ್ಸ್ಚರು. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಶೇಂಗಾ, ನಿಂಬೆರಸ. ದಾವಣಗೆರೆಯವಳಾದ ನನಗೆ ಮಂಡಕ್ಕಿಯ ವಿಷಯದಲ್ಲಿ ಸ್ವಲ್ಪ ಜಂಬ. ಇದಕ್ಕೆ ನಮ್ಮೂರಿನ ಖಾರ ಇಲ್ಲ, ಮಿರ್ಚಿ ಇಲ್ಲದೆ ಮಂಡಕ್ಕಿ ತಿನ್ನುವುದು ಅಂದರೇನು ಎಂದು ಪ್ರತಿ ತಿಂಗಳೂ ಹೇಳುತ್ತಿದ್ದೆ. ಪ್ರತಿ ತಿಂಗಳೂ ಕಲ್ಯಾಣಿಯ ಪೊಟ್ಟಣದಲ್ಲಿ ಉಳಿದದ್ದನ್ನೂ ನಾನೇ ತಿನ್ನುತ್ತಿದ್ದೆ.

ಎರಡನೆಯ ವರ್ಷ ಶುರುವಾಗುವ ಮೊದಲೇ ಕಲ್ಯಾಣಿಗೆ ಅತ್ತೆಯ ಮಗನ ಜೊತೆಗೇ ಮದುವೆಯಾಯಿತು. ವಿಜಯವಾಡದ ಪಕ್ಕದ ಗನ್ನವರಂ ವಿಮಾನ ನಿಲ್ದಾಣದಲ್ಲಿ ಕೆಲಸದಲ್ಲಿದ್ದ, ಮಾತು ಕಡಿಮೆಯ ಹುಡುಗ. ಓದು ಮುಗಿಸಲಿ ಎಂದು ಮನೆಯವರೆಲ್ಲ ಒಪ್ಪಿದ್ದರು. ಆದರೆ ಮಳೆಗಾಲದಲ್ಲೇ ಅವಳು ಬಸುರಿ ಎಂದು ತಿಳಿಯಿತು. ಡಿಸೆಂಬರಿನವರೆಗೂ ಒಂದು ಹುಣ್ಣಿಮೆಯನ್ನೂ ಬಿಡದೆ ಅಳೆದಳು. ಸಂಕ್ರಾಂತಿಗೆಂದು ವಿಜಯವಾಡಕ್ಕೆ ಹೋದವಳು ತಿರುಗಿ ಬರಲಿಲ್ಲ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಅವಳ ದನಿ ಸಣ್ಣಗಾಗಿತ್ತು. "ಅತ್ತೆ ಬ್ಯಾಡ ಅಂತಾಳೆ. ಓದಿದ್ದು ಸಾಕು ಅಂತಾಳೆ. ನಾನು ಏನು ಹೇಳ್ಲಿ? ಅಕಿನೇ ನನ್ನ ತಾಯಿ."

ವರ್ಷದ ಅಳತೆ ಪೂರ್ತಿಯಾಗದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಪದವಿಯಿಲ್ಲ. ಬಾಕಿ ತಿಂಗಳುಗಳನ್ನು ಗೆಳತಿಯರು ಅಳೆದುಕೊಟ್ಟರೆ ನಡೆಯುತ್ತದೆ, ಕಡೆಯ ಅಳತೆಯನ್ನೂ ಮೌಖಿಕ ಪರೀಕ್ಷೆಯನ್ನೂ ಮಾತ್ರ ಅವಳೇ ಬಂದು ಕೊಡಬೇಕು ಎಂದು ಸರ್ ದಾರಿ ಮಾಡಿಕೊಟ್ಟರು. ಕೊಳವೆ ನನ್ನ ಕೈಗೆ ಬಂತು. ಜನವರಿಯ ಅಳತೆಯನ್ನು ಬಹಳ ಶ್ರದ್ಧೆಯಿಂದ ಮಾಡಿ, ಅವಳ ಲೆಕ್ಕದ ಕ್ರಮದಲ್ಲೇ ಗೆರೆ ಎಳೆದು ಸರ್ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ಏಮಮ್ಮಾ, ನಿನ್ನೆ ರಾತ್ರಿ ಋಷಿಕೊಂಡ ಪಾತಾಳಕ್ಕೆ ಹೋಯಿತಾ? ಪೇಪರಿನಲ್ಲಿ ಬರಲಿಲ್ಲವಲ್ಲ."

ನೋಡಿದರೆ ಕಳೆಯುವಾಗ ನಾನು ಕಲ್ಯಾಣಿಯ ಕಣ್ಣಿನ ಎತ್ತರವನ್ನೇ ಕಳೆದಿದ್ದೆ. ನೋಡಿದ್ದು ನನ್ನ ಕಣ್ಣು. ಹೆಜ್ಜೆಹೆಜ್ಜೆಗೂ ನಮ್ಮಿಬ್ಬರ ನಡುವಿನ ವ್ಯತ್ಯಾಸದಷ್ಟು ಮರಳು ಕುಸಿದು, ನೀರು ಮುಟ್ಟುವ ಹೊತ್ತಿಗೆ ಮೂರು ಮಹಡಿ ಇಳಿದಿತ್ತು. ಇಡೀ ವಿಭಾಗ ಒಂದು ವಾರ ನಕ್ಕಿತು. ನನ್ನ ಎತ್ತರ ಹಾಕಿ ಲೆಕ್ಕ ಸರಿ ಮಾಡಿದೆ. ಪಾತಾಳದಿಂದ ಋಷಿಕೊಂಡ ಮೇಲೆ ಬಂತು, ಆದರೂ ಡಿಸೆಂಬರಿನ ಗೆರೆಯ ಜೊತೆ ಕೂಡಲಿಲ್ಲ. ರಸ್ತೆಬದಿಯ ಗಟ್ಟಿ ನೆಲ ಕೂಡ ಇಳಿದಂತೆ ತೋರುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಜುಲೈನಲ್ಲಿ ವಿಭಾಗದ ಮೊಗಸಾಲೆಯಲ್ಲಿ ಗೋಡೆಗೆ ನಿಲ್ಲಿಸಿ ಕಲ್ಯಾಣಿಯ ಕಣ್ಣಿನ ಎತ್ತರವನ್ನು ಗುರುತು ಹಾಕಿದ್ದೆವು. ಆವತ್ತು ಅವಳು ಮದುವೆಯ ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿದ್ದಳು. ಗಂಡನ ಪಕ್ಕ ನಿಂತರೆ ಫೋಟೋದಲ್ಲಿ ಕಾಣಲಿ ಎಂದು ಕೊಂಡ ಚಪ್ಪಲಿ. ಮರಳಿನಲ್ಲಿ ಅದನ್ನು ಹಾಕಿಕೊಂಡು ನಡೆಯಲಾದೀತೇ? ಕಡಲಿಗೆ ಹೋದಾಗಲೆಲ್ಲ ಕೈಯಲ್ಲಿ ಹಿಡಿದು ಬರಿಗಾಲಿನಲ್ಲೇ ಅಳೆದಿದ್ದಳು. ಅರ್ಧ ವರ್ಷದ ಅಳತೆಯೆಲ್ಲ ಹೆಜ್ಜೆಗೆ ಒಂದು ಹಿಮ್ಮಡಿಯಷ್ಟು ತಪ್ಪಾಗಿತ್ತು.

ಬರಿಗಾಲಿನ ಎತ್ತರವೊಂದು ಸಿಕ್ಕರೆ ಎಲ್ಲವೂ ಸರಿಹೋಗುತ್ತದೆ. ಫೋನು ಮಾಡಿ ಕೇಳುತ್ತೇನೆ ಎಂದೆ. ಸರ್ ಅಡ್ಡಡ್ಡ ತಲೆಯಾಡಿಸಿದರು. "ಫೋನಿನಲ್ಲಿ ಅಳೆಯುವುದಾದರೆ ಸಮುದ್ರಕ್ಕೇ ಫೋನು ಮಾಡಬಹುದಿತ್ತಲ್ಲ. ಹೋಗಿ ಅಳೆದುಕೊಂಡು ಬಾ. ಕೊಳವೆ, ಕೋಲು ಎರಡೂ ತೆಗೆದುಕೊಂಡು ಹೋಗು." ಒಬ್ಬಳ ಎತ್ತರ ಅಳೆಯಲು ಕೊಳವೆ ಯಾಕೆ ಎಂದು ಕೇಳಿದೆ. "ಅಲ್ಲಿ ಕೃಷ್ಣೆ ಇದ್ದಾಳೆ. ಅವಳನ್ನೂ ನೋಡಿಕೊಂಡು ಬಾ" ಎಂದು ಕಾಗದಪತ್ರದಲ್ಲಿ ಮುಖ ಹುದುಗಿಸಿದರು. ಆಗ ನನಗೆ ಅವರ ಉಪಾಯ ತಿಳಿಯಲಿಲ್ಲ.

ಮಡಿಸಿದ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ರೈಲಿನಲ್ಲಿ ಕೂತೆ. ಎದುರಿಗಿದ್ದ ಹೆಂಗಸು ತುನಿ ಸ್ಟೇಷನ್ನು ದಾಟುವಷ್ಟರಲ್ಲಿ ನನ್ನನ್ನು ಕಿಟಕಿ ಪರದೆಯ ಕಂಬಿ ಮಾರುವವಳೆಂದು ತೀರ್ಮಾನಿಸಿ ದರ ಕೇಳಿದರು. ರಾಜಮಂಡ್ರಿಯಲ್ಲಿ ಗೋದಾವರಿ ಬಂದಾಗ ಎಲ್ಲರೂ ಕೈಮುಗಿದು ನಾಣ್ಯ ಎಸೆದರು. ನಾನೂ ಒಂದು ಎಸೆದು, ಕಲ್ಯಾಣಿ ವಾಪಸು ಬರಲಿ ಎಂದುಕೊಂಡೆ. ಭೂಗೋಳದ ವಿದ್ಯಾರ್ಥಿನಿ ನದಿಗೆ ಹರಕೆ ಹೊರಬಾರದೆಂದು ಎಲ್ಲೂ ಬರೆದಿಲ್ಲವಲ್ಲ.

ವಿಜಯವಾಡದಲ್ಲಿ ಅವರ ಮನೆ ಹೊಳೆಗೆ ಎರಡು ಬೀದಿ ಆಚೆ. ಬಾಗಿಲು ತೆಗೆದವರು ಶಾಂತತ್ತೆ, ಕಲ್ಯಾಣಿಯ ಅತ್ತೆ. ಕುಳ್ಳಗೆ, ಗುಂಡಗೆ, ಮೂಗಿನ ಎರಡೂ ಬದಿಗೆ ಬೊಟ್ಟು. ಮೂವತ್ತು ವರ್ಷ ತೆಲುಗು ಮನೆಯಲ್ಲಿದ್ದು ಅವರ ಕನ್ನಡಕ್ಕೆ ಬೇರೆಯದೇ ರುಚಿ ಬಂದಿತ್ತು. "ರಾಮ್ಮಾ, ಬಾ. ಎಷ್ಟು ಉದ್ದ ಇದ್ದೀಯೇ ತಾಯೀ! ತಲೆ ಬಗ್ಸು, ಬಾಗಿಲು ಬಡೀತೈತಿ. ಮೊದ್ಲು ಊಟ ಮಾಡು, ಮಾತು ತರವಾತ" ಎಂದು ಒಳಗೆ ಕರೆದರು. ಕಲ್ಯಾಣಿ ಕೋಣೆಯಿಂದ ಬಂದಳು. ಹೊಟ್ಟೆ ಮುಂದೆ ಬಂದು ಅವಳು ಇನ್ನೂ ಕುಳ್ಳಗೆ ಕಂಡಳು. ನನ್ನ ಕೈಯಲ್ಲಿದ್ದ ಕೋಲನ್ನು ನೋಡಿದ್ದೇ ಕಣ್ಣಲ್ಲಿ ನೀರು ತುಂಬಿಕೊಂಡಳು. ನನಗೂ ತಡೆಯಲಾಗಲಿಲ್ಲ. ನನ್ನನ್ನು ನೋಡಿ ಅಳದೆ ಕೋಲನ್ನು ನೋಡಿ ಕಣ್ಣೀರಿಟ್ಟೆಯಲ್ಲ ಎಂದು ಆಮೇಲೆ ಎಷ್ಟೋ ಸಲ ಚುಡಾಯಿಸಿದ್ದೇನೆ.

ಊಟವಾದ ಮೇಲೆ ಬಂದ ಕಾರಣ ಹೇಳಿದೆ. ಹೇಳುವುದರಲ್ಲೇ ಎಡವಟ್ಟಾಯಿತು. "ಕಲ್ಯಾಣಿಯ ಅಳತೆ ತಗೊಂಡು ಹೋಗಾಕೆ ಬಂದೀನ್ರಿ" ಎಂದುಬಿಟ್ಟೆ. ಶಾಂತತ್ತೆಯ ಮುಖ ಕಪ್ಪಾಯಿತು.

"ಬಸುರಿ ಹೆಂಗ್ಸನ್ನ ನಿಲ್ಲಿಸಿ ಅಳತೆ ತಗೀತಾರೇನಮ್ಮಾ? ಯಾರು ಕಲಿಸಿದ್ದು ನಿಮಗೆ? ಒದ್ದು. ಬ್ಯಾಡ."

ಕಲ್ಯಾಣಿ ನನ್ನ ಕಡೆ ನೋಡಿ ಕಣ್ಣಲ್ಲೇ ಸುಮ್ಮನಿರು ಎಂದಳು. ಶಾಂತತ್ತೆ ಎಲೆ ಅಡಿಕೆಯ ತಟ್ಟೆಯನ್ನು ಎಳೆದುಕೊಂಡು ಕೂತರು. ಒಂದು ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ ಅವರೇ ಕೇಳಿದರು, "ಅದೇನು ಆ ಕೋಲಿನಾಗ ಮಾಡೋದು? ಎರಡು ವರ್ಷದಿಂದ ಓದ್ತಾಳೆ ಓದ್ತಾಳೆ ಅಂತೀನಿ, ಏನು ಓದ್ತಾಳಂತ ನನಗೇ ಗೊತ್ತಿಲ್ಲ."

"ಹೇಳಿದ್ರೆ ತಿಳಿಯಲ್ಲ ಅತ್ತೆ. ಹೊಳಿಗೆ ಬಾ, ತೋರಿಸ್ತೀನಿ" ಎಂದಳು ಕಲ್ಯಾಣಿ.

ಸಂಜೆ ಬಿಸಿಲು ಇಳಿದ ಮೇಲೆ ರಿಕ್ಷಾದಲ್ಲಿ ಮೂವರೂ ಹೋದೆವು. ಬ್ಯಾರೇಜಿನ ಕೆಳಗೆ ಕೃಷ್ಣೆ ಆ ಹೊತ್ತಿಗೆ ಬತ್ತಿ, ಅಗಲವಾದ ಮರಳಾಗಿ ಬಿದ್ದಿದ್ದಳು. ಕಲ್ಯಾಣಿ ಚಪ್ಪಲಿ ಕಳಚಿ ನಿಂತಳು. ನಾನು ಕೋಲು ಬಿಡಿಸುವಷ್ಟರಲ್ಲಿ ಶಾಂತತ್ತೆ, "ಇಲ್ಲಿ ಕೊಡು, ನಾನು ಹಿಡೀತೀನಿ" ಎಂದು ಕಸಿದುಕೊಂಡರು. ಒನಕೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಮರಳಿಳಿದು ಹೋದರು. ಅಲ್ಲಿಂದಲೇ ಕೂಗಿ ಕೇಳಿದರು, "ಇಲ್ಲೇನು? ಇನ್ನೂ ಹಿಂದಕ್ಕಾ?" ಕಲ್ಯಾಣಿ ಕೊಳವೆಯನ್ನು ಕಣ್ಣಿಗೆ ಹಿಡಿದಳು. ಬಸುರಿಯಾದ್ದರಿಂದ ಸೊಂಟಕ್ಕೆ ಒಂದು ಕೈ ಕೊಟ್ಟು ನಿಂತಿದ್ದಳು. ಗುಳ್ಳೆ ನಿಲ್ಲುವವರೆಗೆ ಉಸಿರು ಹಿಡಿದಳು. ನನಗೆ ಅವಳು ಎಷ್ಟು ಚೆನ್ನಾಗಿ ಕಂಡಳೆಂದರೆ, ಇವತ್ತಿಗೂ ಕಲ್ಯಾಣಿ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಅದೇ ರೂಪ.

"ನಿನ್ನ ಕಾಲು ನನ್ನ ಕಾಲಿಗಿಂತ ಎರಡು ಮೊಳ ಕೆಳಗೈತಿ ಅತ್ತೆ" ಎಂದು ಕೂಗಿದಳು.

"ಅಷ್ಟು ದೂರದಿಂದ ಹ್ಯಾಗೆ ಗೊತ್ತಾತು?" ಶಾಂತತ್ತೆ ಕೋಲು ಎಳೆದುಕೊಂಡೇ ಹತ್ತಿ ಬಂದರು. ಕೊಳವೆ ಇಸಿದುಕೊಂಡು ತಾವೂ ನೋಡಿದರು. ಬಹಳ ಹೊತ್ತು ನೋಡಿದರು. "ಗುಳ್ಳಿ ನಿಲ್ಲವಲ್ದು" ಎಂದರು. ಕಲ್ಯಾಣಿ ಹಿಂದೆ ನಿಂತು ಅವರ ಮೊಣಕೈಯನ್ನು ಹಿಡಿದಳು. "ಈಗ ನಿಂತಿತು ನೋಡು."

ನಿಂತ ಗುಳ್ಳೆಯನ್ನು ನೋಡುತ್ತಲೇ ಶಾಂತತ್ತೆ ಕೇಳಿದರು, "ಇದನ್ನ ತಿಂಗ್ಳಾ ತಿಂಗ್ಳಾ ಮಾಡ್ತಿದ್ದೆ?"

"ಹೂಂ."

"ಇನ್ನೂ ಎಷ್ಟು ಉಳಿದೈತಿ?"

"ಕಡೀದು ನಾನೇ ಅಳೀಬೇಕು. ಜೂನಿನಾಗ."

ಅವರು ಕೊಳವೆಯನ್ನು ಇಳಿಸಿ ನನ್ನ ಕೈಗೆ ಕೊಟ್ಟರು. ಮರಳಿನ ಮೇಲೆ ಕೂತರು. ಆಮೇಲೆ ನನಗೆ ಹೇಳಿದರು, ಕಲ್ಯಾಣಿಗಲ್ಲ. "ಇವಳ ತಾಯಿ ಸುಶೀಲ, ನಮ್ಮಣ್ಣನ ಹೆಂಡ್ತಿ, ಟೀಚರ್ ಟ್ರೇನಿಂಗಿಗೆ ಸೇರಿದ್ಳಮ್ಮ. ಮುಗಿಯೋಕೆ ಒಂಚೂರು ಉಳಿದಿತ್ತು. ಬಸುರಿ ಆದ್ಳು. ಈಗ ಬಿಡು, ಹೆರಿಗೆ ಆದ್ಮ್ಯಾಲೆ ಮುಗಿಸೀಯಂತೆ, ಎಲ್ಲಿಗೆ ಓಡಿ ಹೋಗ್ತೈತಿ ಅಂದೋಳು ನಾನೇ. ಅವಳು ನನ್ನ ಮಾತು ಕೇಳಿದ್ಳು." ಆ ಹೆರಿಗೆಯಲ್ಲೇ ಸುಶೀಲ ತೀರಿಕೊಂಡದ್ದು ನನಗೆ ಗೊತ್ತಿತ್ತು. ಅವರು ಕಲ್ಯಾಣಿಯನ್ನು ಕಟ್ಟಿಹಾಕಿದ್ದಾರೆ ಎಂದುಕೊಂಡು ಬಂದಿದ್ದೆ. ಇಪ್ಪತ್ತು ವರ್ಷದಿಂದ ಹೆರಿಗೆಗೆ ಹೆದರಿಕೊಂಡೇ ಬದುಕಿದ ಹೆಂಗಸನ್ನು ನೋಡುತ್ತಿದ್ದೇನೆ ಎಂದು ಆಗ ತಿಳಿಯಿತು. ಕಲ್ಯಾಣಿ ಕಷ್ಟಪಟ್ಟು ಅವರ ಪಕ್ಕದಲ್ಲಿ ಕೂತು, ಅವರ ಭುಜಕ್ಕೆ ತಲೆಯಿಟ್ಟಳು. ಅತ್ತೆ ಸೊಸೆ ಇಬ್ಬರೂ ಹೊಳೆ ನೋಡುತ್ತ ಕೂತರು. ನಾನು ಮಾಡಲು ಏನೂ ತೋಚದೆ ಕೋಲನ್ನು ಮಡಿಸಿದೆ, ಬಿಡಿಸಿದೆ, ಮತ್ತೆ ಮಡಿಸಿದೆ.

ಮನೆಗೆ ಬಂದು ದೀಪ ಹಚ್ಚಿದ ಮೇಲೆ ಶಾಂತತ್ತೆ ಕಲ್ಯಾಣಿಯನ್ನು ಕರೆದು ಅಡಿಗೆಮನೆಯ ಬಾಗಿಲಿನ ಚೌಕಟ್ಟಿಗೆ ನಿಲ್ಲಿಸಿದರು. ಹಣೆಗೆ ಕುಂಕುಮ ಇಟ್ಟರು, ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅಳಿ" ಎಂದರು. ಕೋಲಿನ ಬುಡವನ್ನು ಅವರೇ ಬಗ್ಗಿ ನೆಲಕ್ಕೆ ಒತ್ತಿ ಹಿಡಿದಿದ್ದರು. ನಾನು ಗೆರೆ ಓದಿದೆ. "ಸರಿಯಾಗಿ ನೋಡಮ್ಮ, ಇನ್ನೊಂದ್ಸಲ ನೋಡು. ಸುಶೀಲಂದು ಉಳೀತು, ಇವಳದಾದ್ರೂ ಮುಗೀಲಿ" ಎಂದರು.

ಮಾರ್ಚಿ ಮುಗಿಯುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ಫೋನಿನಲ್ಲಿ ಹೇಳುವಾಗ ಶಾಂತತ್ತೆಗೆ ಯಾವ ಭಾಷೆಯೂ ಸರಿಯಾಗಿ ಬರಲಿಲ್ಲ. ನಡುವಿನ ಹುಣ್ಣಿಮೆಗಳನ್ನು ನಾನು ನನ್ನದೇ ಕಣ್ಣಿನ ಎತ್ತರ ಹಾಕಿ ಅಳೆದೆ. ತಿದ್ದಿದ ಗೆರೆಗಳು ಒಂದಕ್ಕೊಂದು ಕೂಡಿದವು. ಜೂನಿನ ಹುಣ್ಣಿಮೆಗೆ ಅತ್ತೆ, ಸೊಸೆ, ಕೂಸು ಮೂವರೂ ರೈಲಿಳಿದರು. ಋಷಿಕೊಂಡದಲ್ಲಿ ಶಾಂತತ್ತೆ ಕೂಸನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು, ಅಲೆ ಹತ್ತಿರ ಬಂದಾಗಲೆಲ್ಲ ಅದನ್ನು ತೆಲುಗಿನಲ್ಲಿ ಗದರಿಸುತ್ತ ನಿಂತರು. ಮೂರ್ತಿ ಸರ್ ಅವರಿಗೆ ನಮಸ್ಕಾರ ಮಾಡಿ, ತಾವೇ ಹೋಗಿ ಮುರಿ ಮಿಕ್ಸ್ಚರು ತಂದುಕೊಟ್ಟರು. ಕಡೆಯ ಗೆರೆಯನ್ನು ಓದಿದಾಗ ನೀರು ಕಲ್ಯಾಣಿಯ ಪಾದ ಮುಟ್ಟುತ್ತಿತ್ತು.

"ಮುಗೀತಾ?" ಎಂದು ಶಾಂತತ್ತೆ ದಂಡೆಯಿಂದ ಕೂಗಿದರು.

"ಮುಗೀತು ಅತ್ತೆ."

ಅವರು ಕೂಸಿನ ಮುಖಕ್ಕೆ ಬಿಸಿಲು ಬೀಳದಂತೆ ಕೊಡೆಯನ್ನು ವಾಲಿಸಿ, ಅದರ ಮರೆಯಲ್ಲಿ ಅತ್ತರು. ನಾನು ನೋಡದವಳ ಹಾಗೆ ಕೋಲು ಒರೆಸಿದೆ. ಬಾಕಿಯಿದ್ದ ಪರೀಕ್ಷೆಗಳನ್ನು ಕಲ್ಯಾಣಿ ಮುಂದಿನ ಸಲ ಬರೆದಳು. ಈಗ ವಿಜಯವಾಡದ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾಳೆ.

ಇದನ್ನೆಲ್ಲ ನೆನೆಯುತ್ತ ಕೂತಿದ್ದರಿಂದ ಮೊನ್ನೆಯ ತಿಂಡಿ ಆರಿಹೋಯಿತು. ಸಂಜೆ ಕಲ್ಯಾಣಿಗೆ ಫೋನು ಮಾಡಿದೆ. ನಾವು ಮಾತಾಡಿ ವರ್ಷದ ಮೇಲಾಗಿತ್ತು. ಎತ್ತಿದವರು ಶಾಂತತ್ತೆ. ದನಿ ನಡುಗುತ್ತದೆ, ಕನ್ನಡದ ಒಂದೊಂದು ಮಾತಿಗೂ ತಡಕಾಡುತ್ತಾರೆ. ನನ್ನನ್ನು ಮಾತ್ರ ಗುರುತು ಹಿಡಿದರು.

"ಕಲ್ಯಾಣಿ ಇಲ್ಲಮ್ಮ. ಕಾಲೇಜು ಹುಡುಗ್ರನ್ನ ಕರ್ಕೊಂಡು ಹೊಳಿ ಅಳಿಯಾಕೆ ಹೋಗ್ಯಾಳೆ. ಫೋನು ಇಲ್ಲೇ ಬಿಟ್ಟು ಹೋಗ್ಯಾಳೆ."

ಮಳೆಗಾಲ. ಮೇಲಿನ ಅಣೆಕಟ್ಟಿನಿಂದ ಕೃಷ್ಣೆಗೆ ನೀರು ಬಿಟ್ಟಿದ್ದಾರೆಂದು ಬೆಳಿಗ್ಗೆಯಷ್ಟೇ ಟಿವಿಯಲ್ಲಿ ನೋಡಿದ್ದೆ. "ಇಂಥ ಹೊತ್ತಿನಾಗ ಯಾಕೆ ಕಳಿಸಿದ್ರಿ ಅತ್ತೆ? ಕತ್ತಲಾಗಾಕೆ ಬಂತು. ಯಾರನ್ನಾರ ಕಳ್ಸಿ ನೋಡ್ಬಾರ್ದಾ?" ಎಂದೆ.

ಅವರು ಆ ಕಡೆ ನಕ್ಕರು. ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು, "ಭಯಪಡಬ್ಯಾಡಮ್ಮ. ಕೆಲಸ ಮುಗಿಸಿ ಬರ್ತಾಳೆ. ಅವಳು ಬರೋ ಹೊತ್ತಾತು, ನಾನು ಅನ್ನಕ್ಕಿಡ್ತೀನಿ."